ಆಟಗಾರನ ಬಗ್ಗೆ ಬಾಯಿ ಬಿಡುವ ಮುಂಚೆ ಅಳತೆ ತೆಗೆದುಕೊಳ್ಳುವುದು ಹೇಗೆ

2025ರ ಏಪ್ರಿಲ್ 10ರ ರಾತ್ರಿ ಚಿನ್ನಸ್ವಾಮಿಯಲ್ಲಿ, ನಮ್ಮ ಕರ್ನಾಟಕದವರೇ ಆದ ಕೆ.ಎಲ್. ರಾಹುಲ್ ಡೆಲ್ಲಿ ತಂಡದ ಪರ 53 ಎಸೆತಕ್ಕೆ ಅಜೇಯ 93 ಹೊಡೆದು ನಮ್ಮ ಆರ್‌ಸಿಬಿಯನ್ನು ಸೋಲಿಸಿದರಲ್ಲ, ಗೆದ್ದ ಮೇಲೆ ಬ್ಯಾಟಿನಿಂದ ನೆಲದ ಮೇಲೊಂದು ವೃತ್ತ ಬರೆದು ‘ಇದು ನನ್ನ ಜಾಗ’ ಅನ್ನುವ ಹಾಗೆ ಕುಟ್ಟಿದರಲ್ಲ, ಅದರ ಮರುದಿನ ಬೆಳಿಗ್ಗೆ ನನ್ನ ತಂಗಿಯ ಮಗ ಅಂಗಡಿಯೊಳಗೆ ಕಾಲಿಟ್ಟವನೇ, “ದೊಡ್ಡಮ್ಮ, ಆ ರಾಹುಲ್ ದ್ರೋಹಿ. ದುಡ್ಡಿಗೆ ಮಾತ್ರ ಆಡೋನು” ಅಂದ.

ನಾನು ಒಂದು ಬ್ಲೌಸಿನ ತೋಳು ಕತ್ತರಿಸುತ್ತಿದ್ದೆ. ಕತ್ತರಿ ಕೆಳಗಿಟ್ಟು ಕೇಳಿದೆ: “ಅವನ ಯಾವ ಇನ್ನಿಂಗ್ಸ್ ಪೂರ್ತಿ ನೋಡಿದ್ದೀಯೋ?”

ಯಾವುದೂ ಇಲ್ಲ. ಹಿಂದಿನ ರಾತ್ರಿಯದ್ದೂ ಇಲ್ಲ. ಡೆಲ್ಲಿ 58 ರನ್ನಿಗೆ 4 ವಿಕೆಟ್ ಕಳೆದುಕೊಂಡಿದ್ದಾಗ ಗೆದ್ದೆವು ಅಂದುಕೊಂಡು ಟಿವಿ ಆರಿಸಿ ಓದಲು ಕೂತಿದ್ದನಂತೆ. ಆಮೇಲೆ ನೋಡಿದ್ದು ಫೋನಿನಲ್ಲಿ ಆ ವೃತ್ತ ಬರೆಯುವ ಹತ್ತು ಸೆಕೆಂಡ್ ಮಾತ್ರ.

ನಾನು ಶಿವಮೊಗ್ಗದ ವಿನೋಬನಗರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಕ್ರಿಕೆಟ್ ಅದಕ್ಕಿಂತ ಹಳೆಯದು. ನಮ್ಮ ಅಪ್ಪ ಭದ್ರಾವತಿಯವರು. ಜಿ.ಆರ್. ವಿಶ್ವನಾಥ್ ಹುಟ್ಟಿದ ಊರು ಅದು. 1975ರ ಜನವರಿಯಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ತಂಡ 190ಕ್ಕೆ ಮುಗಿದಾಗ ವಿಶಿ ಒಬ್ಬರೇ ಔಟಾಗದೆ 97 ಹೊಡೆದದ್ದನ್ನು ಅಪ್ಪ ರೇಡಿಯೊದಲ್ಲಿ ಕೇಳಿದವರು. ಆ ಕಥೆ ಹೇಳುವಾಗೆಲ್ಲ ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು: “ನಾನು ಕಣ್ಣಲ್ಲಿ ನೋಡಿದ್ದಲ್ಲಮ್ಮ, ಕಿವಿಯಲ್ಲಿ ಕೇಳಿದ್ದು.” ನನ್ನ ಇಡೀ ಪದ್ಧತಿಗೆ ಆ ಮಾತೇ ಬುನಾದಿ. ಅವತ್ತು ನನ್ನ ತಂಗಿಯ ಮಗನಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆಟಗಾರರ ಬಗ್ಗೆ ದಿನಾ ಬರುವ ಸುದ್ದಿಯ ಮಧ್ಯೆ ಸ್ವಂತ ಅಭಿಪ್ರಾಯ ಇಟ್ಟುಕೊಳ್ಳಬೇಕು ಅನ್ನುವವರಿಗೆ ಇದು ಕೆಲಸಕ್ಕೆ ಬರುತ್ತದೆ.

ಮೊದಲು ಒಂದು ಪುಸ್ತಕ ಬೇಕು. ನೂರು ಪುಟದ ಗೆರೆ ಪುಸ್ತಕ ಸಾಕು. ನಾನು ಬಳಸುವುದು ಅಂಗಡಿಯ ಅಳತೆ ಪುಸ್ತಕವನ್ನೇ. ಮುಂದಿನಿಂದ ಗಿರಾಕಿಗಳ ಎದೆ, ಸೊಂಟ, ತೋಳುದ್ದ; ಹಿಂದಿನಿಂದ ಕ್ರಿಕೆಟ್. ಪ್ರತಿ ಪುಟಕ್ಕೆ ಗೆರೆ ಎಳೆದು ನಾಲ್ಕು ಕಂಬಸಾಲು ಮಾಡಿ: ತಾರೀಖು, ಹೇಗೆ ನೋಡಿದೆ, ಏನು ಕಂಡಿತು, ಏನನ್ನಿಸಿತು. ಎರಡನೆಯದೇ ಮುಖ್ಯ. ಮೈದಾನದಲ್ಲೋ, ಟಿವಿಯಲ್ಲಿ ಪೂರ್ತಿಯೋ, ಅರ್ಧವೋ, ಬರೀ ಸ್ಕೋರೋ, ಯಾರೋ ಹೇಳಿದ್ದೋ, ಪ್ರಾಮಾಣಿಕವಾಗಿ ಬರೆಯಬೇಕು. ಮೂರನೆಯದೂ ನಾಲ್ಕನೆಯದೂ ಬೆರೆಯಬಾರದು. ‘ಆಫ್ ಸ್ಟಂಪಿನ ಹೊರಗಿನ ಚೆಂಡಿಗೆ ಬ್ಯಾಟು ಚಾಚಿ ಸ್ಲಿಪ್‌ಗೆ ಕ್ಯಾಚ್’ ಅನ್ನುವುದು ಕಂಡದ್ದು. ‘ಇವನಿಗೆ ಈಗ ಆಗುತ್ತಿಲ್ಲ’ ಅನ್ನುವುದು ಅನ್ನಿಸಿದ್ದು. ಟಿವಿಯಲ್ಲಿ ರಾತ್ರಿ ಎಂಟರ ಚರ್ಚೆಯಲ್ಲಿ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅದನ್ನು ಕೇಳಿ ಕೇಳಿ ನಮ್ಮ ತಲೆಯಲ್ಲೂ ಎರಡೂ ಕಲಸಿಹೋಗಿವೆ.

ಈ ಸಾಲುಗಳು ಏನು ಮಾಡುತ್ತವೆ ಅಂತ ನನಗೆ ಅರ್ಥವಾದದ್ದು ವಿರಾಟ್ ಕೊಹ್ಲಿಯಿಂದ. ನಾನು ಕೊಹ್ಲಿಯನ್ನು ಪ್ರೀತಿಸುವವಳು, ಅದನ್ನು ಮುಚ್ಚಿಡುವುದಿಲ್ಲ. 2016ರ ಐಪಿಎಲ್‌ನಲ್ಲಿ ಅವರು ಒಂದೇ ಸೀಸನ್ನಿನಲ್ಲಿ 973 ರನ್ ಹೊಡೆದೂ ಚಿನ್ನಸ್ವಾಮಿಯಲ್ಲೇ ನಡೆದ ಫೈನಲನ್ನು ನಾವು 8 ರನ್ನಿಂದ ಸೋತಾಗ ಆ ರಾತ್ರಿ ಊಟ ಇಳಿದಿರಲಿಲ್ಲ. 2024ರ ಕೊನೆಯಲ್ಲಿ ಆಸ್ಟ್ರೇಲಿಯಾಕ್ಕೆ ಹೋದರು. ಪರ್ತ್‌ನಲ್ಲಿ ಶತಕ. ಬೆಳಗಿನ ಜಾವದ ಆಟ, ಎದ್ದು ನೋಡುತ್ತಿದ್ದೆ, ಬರೆಯುತ್ತಿದ್ದೆ. ಸರಣಿ ಮುಗಿದ ಮೇಲೆ ಪುಟ ತಿರುಗಿಸಿದರೆ ‘ಕಂಡದ್ದು’ ಸಾಲಿನಲ್ಲಿ ಎಂಟು ಸಲ ಔಟಾದದ್ದೂ ಒಂದೇ ತರಹ: ಆಫ್ ಸ್ಟಂಪಿನ ಹೊರಗೆ, ಬ್ಯಾಟಿನ ಅಂಚು, ಕ್ಯಾಚ್. ಒಂಬತ್ತು ಇನ್ನಿಂಗ್ಸ್‌ಗೆ 190 ರನ್. ನನ್ನ ‘ಅನ್ನಿಸಿದ್ದು’ ಸಾಲಿನಲ್ಲಿ ಮಾತ್ರ ಪ್ರತಿ ಸಲ ‘ಮುಂದಿನ ಪಂದ್ಯದಲ್ಲಿ ಹೊಡೆಯುತ್ತಾರೆ’ ಅಂತಿತ್ತು. ಎರಡು ಸಾಲೂ ನನ್ನದೇ ಕೈಬರಹ. ಮೊದಲನೆಯದನ್ನು ಅಲ್ಲಗಳೆಯುವ ಹಾಗಿರಲಿಲ್ಲ. 2025ರ ಮೇ 12ರಂದು ಅವರು ಟೆಸ್ಟಿಗೆ ವಿದಾಯ ಹೇಳಿದಾಗ, 123 ಟೆಸ್ಟ್, 9,230 ರನ್, 30 ಶತಕ, ಕಣ್ಣು ತುಂಬಿ ಬಂತು. ಇಂಗ್ಲೆಂಡಿಗೆ ಇನ್ನೊಂದು ಸಲ ಹೋಗಿ ಬರಬೇಕಿತ್ತು ಅಂತ ಇವತ್ತಿಗೂ ಅನ್ನುತ್ತೇನೆ. ಆದರೆ ‘ಯಾರೋ ಪಿತೂರಿ ಮಾಡಿ ಕಳಿಸಿದರು’ ಅಂತ ಗಿರಾಕಿಯೊಬ್ಬರು ಶುರುಮಾಡಿದಾಗ ತಲೆಯಾಡಿಸಲಿಲ್ಲ. ಪುಸ್ತಕ ತೆಗೆದು ಆ ಎಂಟು ಸಾಲು ತೋರಿಸಿದೆ.

ಎರಡನೆಯ ಕೆಲಸ: ವರದಿ ಓದುವ ಮುಂಚೆ ಸ್ಕೋರ್‌ಕಾರ್ಡ್ ಓದಿ. ತಲೆಬರಹ ಬೇರೆಯವರು ಕತ್ತರಿಸಿಟ್ಟ ಬಟ್ಟೆ. ಸ್ಕೋರ್‌ಕಾರ್ಡ್ ಇಡೀ ಥಾನು. ಓದುವಾಗ ರನ್ನಿನ ಕಡೆ ಮೊದಲು ಹೋಗಬೇಡಿ. ವಿಕೆಟ್ ಬಿದ್ದ ಕ್ರಮ ನೋಡಿ, ಯಾವ ಮೊತ್ತಕ್ಕೆ ಯಾವ ವಿಕೆಟ್ ಅಂತ. ಆಮೇಲೆ ಎದುರಿಸಿದ ಎಸೆತ. ಆಮೇಲೆ ಬೌಲರುಗಳ ಲೆಕ್ಕ. ಎಲ್ಲರೂ ಓವರಿಗೆ ಹತ್ತು ಕೊಟ್ಟಿರುವಾಗ ಒಬ್ಬ ಮಾತ್ರ ಐದು ಕೊಟ್ಟಿದ್ದರೆ ಪಂದ್ಯ ಅಲ್ಲೇ ತಿರುಗಿದೆ ಅಂತ ಲೆಕ್ಕ.

2025ರ ಜೂನ್ 3ರ ಐಪಿಎಲ್ ಫೈನಲ್ ತೆಗೆದುಕೊಳ್ಳಿ. ಹದಿನೆಂಟು ವರ್ಷ ಕಾದ ಕಪ್. ಅಹಮದಾಬಾದಿನಲ್ಲಿ ಆರ್‌ಸಿಬಿ 9 ವಿಕೆಟಿಗೆ 190, ಪಂಜಾಬ್ 7 ವಿಕೆಟಿಗೆ 184. ಕೊಹ್ಲಿ 35 ಎಸೆತಕ್ಕೆ 43 ಹೊಡೆದದ್ದಕ್ಕೆ ಇನ್ನಿಂಗ್ಸ್ ಮಧ್ಯದಲ್ಲೇ ಬೈಗುಳ ಶುರುವಾಗಿತ್ತು. ಕೊನೆಯ ಓವರಿಗೆ 29 ಬೇಕಿದ್ದಾಗ ಶಶಾಂಕ್ ಸಿಂಗ್ 22 ಹೊಡೆದದ್ದು ಎಲ್ಲರಿಗೂ ನೆನಪಿದೆ, ಯಾಕೆಂದರೆ ಅದು ನಮ್ಮ ಎದೆ ಹಿಂಡಿತು. ಆದರೆ ಕಾರ್ಡ್ ಏನು ಹೇಳುತ್ತದೆ? ಕೃಣಾಲ್ ಪಾಂಡ್ಯ, 4 ಓವರ್, 17 ರನ್, 2 ವಿಕೆಟ್. 190ರ ಪಂದ್ಯದಲ್ಲಿ ನಾಲ್ಕು ಓವರಿಗೆ ಹದಿನೇಳು! ಕಪ್ ಗೆದ್ದುಕೊಟ್ಟದ್ದು ಆ ಇಪ್ಪತ್ನಾಲ್ಕು ಎಸೆತ. ಪಂದ್ಯಶ್ರೇಷ್ಠ ಪ್ರಶಸ್ತಿ ಸರಿಯಾದ ಕೈಗೇ ಹೋಯಿತು.

ಇನ್ನೊಂದು ಹೇಳಲೇಬೇಕು. 2025ರ ಡಿಸೆಂಬರ್ 24, ರಾಜ್ಯ ತಂಡಗಳು ಆಡುವ ಏಕದಿನ ಪಂದ್ಯಾವಳಿ ವಿಜಯ್ ಹಜಾರೆ ಟ್ರೋಫಿಯ ಮೊದಲ ದಿನ. ಅವತ್ತು ಸುದ್ದಿಯಲ್ಲಿ ಏನೇನಿತ್ತು ನೆನಪಿಸಿಕೊಳ್ಳಿ. ವೈಭವ್ ಸೂರ್ಯವಂಶಿ 84 ಎಸೆತಕ್ಕೆ 190. ಬಿಹಾರ 574. ಕೊಹ್ಲಿ ಬೆಂಗಳೂರಿನಲ್ಲಿ ಡೆಲ್ಲಿ ಪರ ಆಡಿ 131. ರೋಹಿತ್ 155. ಇಶಾನ್ ಕಿಶನ್ 33 ಎಸೆತದಲ್ಲಿ ಶತಕ. ಇಶಾನ್ ಆ ಶತಕ ಹೊಡೆದದ್ದು ಕರ್ನಾಟಕದ ವಿರುದ್ಧ, ಜಾರ್ಖಂಡ್ ಮೊತ್ತ 412. ನಾನು ನೋಡಿದ ಬಹಳಷ್ಟು ಸುದ್ದಿ ಅಲ್ಲಿಗೇ ನಿಂತುಹೋಗಿತ್ತು. ಗೆದ್ದದ್ದು ಯಾರು? ಕರ್ನಾಟಕ! 412ನ್ನು ಇನ್ನೂ ಹದಿನೈದು ಎಸೆತ ಇರುವಾಗಲೇ ಬೆನ್ನಟ್ಟಿ ಮುಗಿಸಿದರು. ದೇವದತ್ತ ಪಡಿಕ್ಕಲ್ 147. ಸಂಜೆ ಅಂಗಡಿಗೆ ಬಂದ ಮೂವರನ್ನು ಕೇಳಿದೆ. ಮೂವರಿಗೂ ಇಶಾನ್ ಶತಕ ಗೊತ್ತು, ಗೆದ್ದದ್ದು ನಾವು ಅಂತ ಒಬ್ಬರಿಗೂ ಗೊತ್ತಿಲ್ಲ. ಸ್ಕೋರ್‌ಕಾರ್ಡ್ ತೆರೆಯಲು ಒಂದು ನಿಮಿಷ ಬೇಡ, ಅಷ್ಟನ್ನಾದರೂ ಮಾಡಿ.

ಮೂರನೆಯದು ಪೆನ್ಸಿಲ್ ಮತ್ತು ಪೆನ್ನು. ಬಟ್ಟೆಯ ಮೇಲೆ ನಾವು ಮೊದಲು ಚಾಕ್ ಎಳೆಯುತ್ತೇವೆ. ಚಾಕ್ ಒರೆಸಿದರೆ ಹೋಗುತ್ತದೆ, ಕತ್ತರಿ ಆಡಿಸಿದರೆ ಮುಗಿಯಿತು. ಸುದ್ದಿಗೂ ಅದೇ ನಿಯಮ. ‘ಮೂಲಗಳ ಪ್ರಕಾರ’, ‘ಎನ್ನಲಾಗಿದೆ’, ‘ಸಾಧ್ಯತೆ’ ಅನ್ನುವುದೆಲ್ಲ ಪೆನ್ಸಿಲಿನಲ್ಲಿ. ಕ್ರಿಕೆಟ್ ಮಂಡಳಿಯೋ ತಂಡವೋ ಆಟಗಾರನೋ ಸ್ವತಃ ಹೇಳಿದ್ದು ಪೆನ್ನಿನಲ್ಲಿ. ಕೊಹ್ಲಿ ಟೆಸ್ಟ್ ಬಿಡುವ ಸುದ್ದಿ ಎರಡು ದಿನ ಮುಂಚೆಯೇ ಮೂಲಗಳಿಂದ ಬಂದಿತ್ತು, ಅದು ನಿಜವೇ ಆಯಿತು. ಹಾಗಾಗಿ ಮೂಲಗಳ ಸುದ್ದಿಯೆಲ್ಲ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಆ ಎರಡು ದಿನ ಕಾದಿದ್ದರೆ ನಾವು ಕಳೆದುಕೊಳ್ಳುತ್ತಿದ್ದದ್ದೇನು? ಅದೇ 2024ರಲ್ಲಿ ‘ರಾಹುಲ್ ಮನೆಗೆ ಬರುತ್ತಾರೆ, ಆರ್‌ಸಿಬಿ ಕ್ಯಾಪ್ಟನ್ ಆಗುತ್ತಾರೆ’ ಅಂತ ತಿಂಗಳುಗಟ್ಟಲೆ ಓದಿದೆವು. ಜೆಡ್ಡಾದಲ್ಲಿ ನಡೆದ ಐಪಿಎಲ್ ಆಟಗಾರರ ಹರಾಜಿನಲ್ಲಿ ಡೆಲ್ಲಿ ತಂಡ 14 ಕೋಟಿಗೆ ತೆಗೆದುಕೊಂಡಿತು. ಬರುತ್ತೇನೆ ಅಂತ ರಾಹುಲ್ ಎಲ್ಲೂ ಹೇಳಿರಲಿಲ್ಲ. ನಮ್ಮ ಹುಡುಗ ‘ದ್ರೋಹಿ’ ಅಂದನಲ್ಲ, ಆ ಮಾತಿನ ಬೇರು ಈ ಪೆನ್ಸಿಲ್ ಸುದ್ದಿಯಲ್ಲಿತ್ತು. ಆತ ಕೊಡದ ಮಾತನ್ನು ಆತ ಮುರಿದ ಅಂತ ಇವನಿಗೆ ಸಿಟ್ಟು.

ಹರಾಜು ಅಂದೆನಲ್ಲ, ಅದಕ್ಕೊಂದು ಲೆಕ್ಕ ಇದೆ. ಒಬ್ಬ ಆಟಗಾರನ ಬೆಲೆ ನೋಡಿ ಹೌಹಾರಬೇಡಿ, ತಂಡದ ಕೈಯಲ್ಲಿದ್ದ ಒಟ್ಟು ಹಣ ನೋಡಿ. ಜೆಡ್ಡಾದಲ್ಲಿ ಪ್ರತಿ ತಂಡಕ್ಕೂ ಒಟ್ಟು 120 ಕೋಟಿ. ಆರ್‌ಸಿಬಿ ಕೊಹ್ಲಿಗೆ 21 ಕೋಟಿ ಸೇರಿ ಉಳಿಸಿಕೊಂಡ ಮೂವರಿಗೆ 37 ಕೋಟಿ ಕೊಟ್ಟು 83 ಕೋಟಿ ಇಟ್ಟುಕೊಂಡು ಕೂತಿತ್ತು. ಅವತ್ತು ಲಖನೌ ರಿಷಭ್ ಪಂತ್‌ಗೆ ಕೊಟ್ಟದ್ದು 27 ಕೋಟಿ. ನಮ್ಮವರು ಹೇಜಲ್‌ವುಡ್‌ಗೆ 12.5, ಫಿಲ್ ಸಾಲ್ಟ್‌ಗೆ 11.5, ಇಬ್ಬರೂ ಸೇರಿ 24. ಆ ರಾತ್ರಿ ಎಲ್ಲರೂ ‘ದೊಡ್ಡ ಹೆಸರು ಒಂದೂ ಇಲ್ಲ’ ಅಂತ ತಲೆ ಚಚ್ಚಿಕೊಂಡರು. ನನ್ನ ಪುಸ್ತಕದಲ್ಲೂ ‘ಕೃಣಾಲ್‌ಗೆ 5.75 ಯಾಕೆ?’ ಅಂತ ಬರೆದಿದೆ. ಆ ಸಾಲನ್ನು ಹೊಡೆದುಹಾಕಿಲ್ಲ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘3-6-25, ಅಹಮದಾಬಾದ್, 4-0-17-2’ ಅಂತ ಬರೆದಿದ್ದೇನೆ. ತಪ್ಪಿದ ಅಭಿಪ್ರಾಯವನ್ನು ಹೀಗೆ ಉಳಿಸಿಕೊಳ್ಳುವುದೂ ಈ ಪದ್ಧತಿಯ ಭಾಗವೇ. ಅಳತೆ ತಪ್ಪಿದ ಬ್ಲೌಸು ನೋಡಿದರೆ ತಾನೇ ಟೇಪು ಎಲ್ಲಿ ಜಾರಿತು ಅಂತ ತಿಳಿಯುವುದು.

ಪಡಿಕ್ಕಲ್ ಅದೇ ಹರಾಜಿನಲ್ಲಿ ಮೊದಲ ಸುತ್ತಿನಲ್ಲಿ ಯಾರಿಗೂ ಬೇಡವಾಗಿ, ಆಮೇಲೆ ಮೂಲಬೆಲೆ 2 ಕೋಟಿಗೆ ಆರ್‌ಸಿಬಿಗೆ ಬಂದವರು. ಮಯಾಂಕ್ ಅಗರ್ವಾಲ್ ಪೂರ್ತಿ ಬೇಡವಾಗಿದ್ದವರು. ಪಡಿಕ್ಕಲ್ ಗಾಯಗೊಂಡಾಗ ಬದಲಿಯಾಗಿ ಬಂದು ಫೈನಲಿನಲ್ಲಿ 24 ಹೊಡೆದರು. ಹರಾಜಿನ ದಿನ ‘ಇವರ ಕಥೆ ಮುಗಿಯಿತು’ ಅಂತ ಬರೆಯುವವರನ್ನು ನಂಬಬೇಡಿ. ಬೆಲೆಯ ಬಗ್ಗೆ ಇನ್ನೂ ಒಂದು ಮಾತು. 2025ರ ಡಿಸೆಂಬರ್ 16ರಂದು ಅಬುಧಾಬಿಯಲ್ಲಿ ಕ್ಯಾಮರೂನ್ ಗ್ರೀನ್‌ಗೆ ಕೋಲ್ಕತ್ತ 25.20 ಕೋಟಿ ಕೂಗಿತು. ದೊಡ್ಡಕ್ಷರದಲ್ಲಿ ಬಂತು. ಆದರೆ ಇಂಥ ಮಿನಿ ಹರಾಜಿನಲ್ಲಿ, ಅಂದರೆ ಖಾಲಿ ಉಳಿದ ಜಾಗ ತುಂಬುವ ಸಣ್ಣ ಹರಾಜಿನಲ್ಲಿ, ವಿದೇಶಿ ಆಟಗಾರನ ಕೈಗೆ 18 ಕೋಟಿಗಿಂತ ಹೆಚ್ಚು ಸೇರುವುದಿಲ್ಲ, ಮಿಕ್ಕದ್ದು ಮಂಡಳಿಯ ಕಡೆಗೆ ಹೋಗುತ್ತದೆ. ನಿಯಮ ತಿಳಿದು ಓದುವುದಕ್ಕೂ ಬರೀ ಅಂಕಿ ಓದುವುದಕ್ಕೂ ಇಷ್ಟು ವ್ಯತ್ಯಾಸ ಇದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು: ವರ್ಷಕ್ಕೆ ಒಂದು ಸಲವಾದರೂ ಮೈದಾನಕ್ಕೆ ಹೋಗಿ. ಐಪಿಎಲ್‌ಗೆ ಅಲ್ಲ, ರಾಜ್ಯ ತಂಡಗಳು ಹಲವು ದಿನ ಆಡುವ ರಣಜಿಗೆ.

2025ರ ಅಕ್ಟೋಬರ್ ಕೊನೆಯಲ್ಲಿ ನಮ್ಮ ನವುಲೆ ಮೈದಾನದಲ್ಲಿ ಕರ್ನಾಟಕ ಮತ್ತು ಗೋವಾ ಪಂದ್ಯ ಇತ್ತು. ದೀಪಾವಳಿ ಹೊಲಿಗೆಯ ಒತ್ತಡ ಆಗ ತಾನೇ ಇಳಿದಿತ್ತು. ಅಂಗಡಿಗೆ ಅರ್ಧ ದಿನ ಬೀಗ ಹಾಕಿ, ಕೊಡೆ, ಅವಲಕ್ಕಿ ಡಬ್ಬಿ, ಪುಸ್ತಕ ಹಿಡಿದು ಹೊರಟೆ. ಮಳೆ ಬಂದು ಹೋಗುತ್ತಿದ್ದ ದಿನಗಳು. ಕೆಲವರು ತೆಂಡೂಲ್ಕರ್ ಮಗ ಅರ್ಜುನ್ ಬೌಲಿಂಗ್ ನೋಡಲು ಬಂದಿದ್ದರು. ನಾನು ಹೋದದ್ದು ಕರುಣ್ ನಾಯರ್‌ಗಾಗಿ.

ಕರುಣ್ ಕಥೆ ಗೊತ್ತಿಲ್ಲದವರಿಗೆ: 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಭಾರತದ ಪರ ಸೆಹ್ವಾಗ್ ಬಿಟ್ಟರೆ ತ್ರಿಶತಕ ಹೊಡೆದವರು ಆಗ ಅವರೊಬ್ಬರೇ. ಆಮೇಲೆ ಕೆಲವೇ ಟೆಸ್ಟ್, ಆಮೇಲೆ ಏನೂ ಇಲ್ಲ. ಕರ್ನಾಟಕದ ತಂಡದಲ್ಲೂ ಜಾಗ ಹೋಯಿತು. 2022ರ ಡಿಸೆಂಬರಿನಲ್ಲಿ ಕ್ರಿಕೆಟ್ಟನ್ನೇ ಕರೆದು, ಇನ್ನೊಂದು ಅವಕಾಶ ಕೊಡು ಅಂತ ಒಂದು ಸಾಲು ಬರೆದರು. ವಿದರ್ಭಕ್ಕೆ ಹೋದರು. 2024-25ರ ವಿಜಯ್ ಹಜಾರೆಯಲ್ಲಿ 779 ರನ್, ಐದು ಶತಕ. ಆ ಫೈನಲಿನಲ್ಲಿ ಅವರ ವಿದರ್ಭವನ್ನು ಸೋಲಿಸಿದ್ದು ನಮ್ಮ ಕರ್ನಾಟಕವೇ, ಯಾರಿಗೆ ಚಪ್ಪಾಳೆ ತಟ್ಟಬೇಕು ಅಂತ ತಿಳಿಯದೆ ಒದ್ದಾಡಿದ ದಿನ ಅದು. ಅದೇ ಋತುವಿನಲ್ಲಿ ವಿದರ್ಭಕ್ಕೆ ರಣಜಿ ಗೆದ್ದುಕೊಟ್ಟರು. ಎಂಟು ವರ್ಷದ ಮೇಲೆ ಇಂಗ್ಲೆಂಡಿನಲ್ಲಿ ಟೆಸ್ಟ್ ಆಡಿದರು. ನಾಲ್ಕು ಟೆಸ್ಟ್, ಎಂಟು ಇನ್ನಿಂಗ್ಸ್: 0, 20, 31, 26, 40, 14, 57, 17. ಒಟ್ಟು 205. ವೆಸ್ಟ್ ಇಂಡೀಸ್ ಸರಣಿಗೆ ಕೈಬಿಟ್ಟರು. ನವುಲೆಗೆ ಬಂದದ್ದು ಮತ್ತೆ ಕರ್ನಾಟಕದ ಪರ.

ಈ ಎಂಟು ಅಂಕಿಯನ್ನು ಎರಡು ರೀತಿ ಓದಬಹುದು. ‘ಒಂದೇ ಅರ್ಧಶತಕ, ಸಾಲದು’ ಅನ್ನಬಹುದು, ಹಾಗನ್ನುವವರು ಕ್ರಿಕೆಟ್ ತಿಳಿಯದವರಲ್ಲ. ನಾನು ಬೇರೆ ರೀತಿ ಓದುತ್ತೇನೆ. ಕ್ರೀಸಿನಲ್ಲಿ ಕಾಲೂರುವುದು ಮೇಲಿಂದ ಮೇಲೆ ಆಗುತ್ತಿದೆ, ಮುಂದಿನ ಹೆಜ್ಜೆ ತಪ್ಪುತ್ತಿದೆ. ಆ 57 ಬಂದದ್ದು ಓವಲ್‌ನಲ್ಲಿ, ಇಡೀ ತಂಡ 224ಕ್ಕೆ ಮುಗಿದಾಗ, ಅದೇ ಆ ಇನ್ನಿಂಗ್ಸ್‌ನ ಅತಿ ಹೆಚ್ಚು. ಅದರ ನಡುವೆಯೇ ಬೌಂಡರಿ ತಡೆಯಲು ಓಡಿದ ಕ್ರಿಸ್ ವೋಕ್ಸ್ ಭುಜ ಕಳಚಿಕೊಂಡು ಬಿದ್ದಾಗ, ಇನ್ನೊಂದು ರನ್ ಓಡುವ ಹಾಗಿದ್ದರೂ ಕರುಣ್ ಬೇಡವೆಂದು ನಿಂತರು. ಯಾವ ಸ್ಕೋರ್‌ಕಾರ್ಡಿನಲ್ಲೂ ಇದು ಇರುವುದಿಲ್ಲ. ಟಿವಿಯಲ್ಲಿ ನೋಡಿದವರ ಪುಸ್ತಕದಲ್ಲಿ ಮಾತ್ರ ಇರುತ್ತದೆ. ತವರಿನಲ್ಲಿ ಎರಡು ಟೆಸ್ಟಾದರೂ ಕೊಡಬೇಕಿತ್ತು ಅನ್ನುವುದು ನನ್ನ ಮಾತು. ಬದಲಾಯಿಸುವುದಿಲ್ಲ.

ನವುಲೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಟಿವಿಯಲ್ಲಿ ಬ್ಯಾಟರ್ ಚೆಂಡು ಬಿಡುವುದು ಏನೂ ಆಗದ ಹೊತ್ತಿನ ಹಾಗೆ ಕಾಣುತ್ತದೆ, ಆಗಲೇ ಜಾಹೀರಾತಿನ ಪಟ್ಟಿ ಬರುವುದು. ಮೈದಾನದಲ್ಲಿ ಹಾಗಲ್ಲ. ಕರುಣ್ ಮುಂಗಾಲು ಅಡ್ಡ ಇಡುತ್ತಾರೆ, ಬ್ಯಾಟು ಎತ್ತಿದಲ್ಲೇ ನಿಲ್ಲುತ್ತದೆ, ಕತ್ತು ತಿರುಗಿ ಚೆಂಡು ಕೀಪರ್ ಕೈ ಸೇರುವ ತನಕ ಕಣ್ಣು ಅದರ ಹಿಂದೆಯೇ ಹೋಗುತ್ತದೆ. ಆಮೇಲೆ ಒಂದೆರಡು ಹೆಜ್ಜೆ ಲೆಗ್ ಕಡೆ ನಡೆದು, ಮತ್ತೆ ಬಂದು, ಬ್ಯಾಟಿನ ತುದಿಯಿಂದ ಗುರುತು ಕೆರೆದು, ತಲೆ ತಗ್ಗಿಸಿ ನಿಲ್ಲುವುದು. ಮುಂದಿನ ಚೆಂಡಿಗೂ ಅಷ್ಟೇ. ಅದರ ಮುಂದಿನದಕ್ಕೂ ಅಷ್ಟೇ. ಜನ ಕಡಿಮೆ ಇದ್ದದ್ದರಿಂದ ಕೀಪರ್ ಗ್ಲೌಸಿಗೆ ಚೆಂಡು ಬೀಳುವ ಸದ್ದು ನಾನು ಕೂತಲ್ಲಿಗೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಬೌಲರ್ ತಾಳ್ಮೆಗೆಟ್ಟು ಕಾಲಿನ ಕಡೆಗೆ ಹಾಕಿದರೆ ಮಣಿಕಟ್ಟು ಸುಮ್ಮನೆ ತಿರುಗುತ್ತದೆ, ಅಷ್ಟೇ. ಚೆಂಡು ಹುಲ್ಲಿನ ಮೇಲೆ ಹರಿದುಹೋಗುತ್ತದೆ.

ಕರ್ನಾಟಕ 371, ಕರುಣ್ ಔಟಾಗದೆ 174. ಪುಸ್ತಕದಲ್ಲಿ ಹೀಗೆ ಬರೆದಿದ್ದೇನೆ: ‘ನವುಲೆ. ಮೈದಾನ, ಅರ್ಧ ದಿನ. ಬಿಟ್ಟ ಚೆಂಡುಗಳೇ ಚೆಂದ. ಸಿಟ್ಟು ಕಾಣಲಿಲ್ಲ. ಅನ್ನಿಸಿದ್ದು: ಈತನಿಗೆ ಯಾರಿಗೂ ಏನೂ ತೋರಿಸಬೇಕಿಲ್ಲ, ಬ್ಯಾಟು ಹಿಡಿದು ನಿಲ್ಲಬೇಕು ಅಷ್ಟೇ.’ ಆ ಅರ್ಧ ದಿನದ ಮೇಲೆ ಕರುಣ್ ಬಗ್ಗೆ ಯಾರ ಲೇಖನ ಓದಿದರೂ ಅದನ್ನು ತೂಗಲು ನನ್ನ ಕೈಯಲ್ಲಿ ಒಂದು ಕಲ್ಲಿದೆ.

ರಣಜಿಗೆ ಹೋಗುವವರು ಕೊಡೆ ಮರೆಯಬೇಡಿ, ಬೆನ್ನಿಗೆ ಬಿಸಿಲು ಬೀಳುವ ಜಾಗ ನೋಡಿಕೊಳ್ಳಿ, ಪಿಚ್ಚಿನ ನೇರಕ್ಕೆ ಕೂರಿ. ಪಕ್ಕದಿಂದ ನೋಡಿದರೆ ಚೆಂಡು ಎಷ್ಟು ತಿರುಗಿತು ಅಂತ ತಿಳಿಯುವುದಿಲ್ಲ. ಫೋನು ಚೀಲದಲ್ಲಿರಲಿ.

ಹೆಣ್ಣುಮಕ್ಕಳ ಕ್ರಿಕೆಟ್ಟಿಗೆ ಬೇರೆ ಪುಸ್ತಕ ಇಡಬೇಡಿ. ಅದೇ ಪುಟ, ಅದೇ ನಾಲ್ಕು ಸಾಲು. ‘ಪಾಪ, ಹುಡುಗಿಯರು ಚೆನ್ನಾಗಿ ಆಡಿದರು’ ಅನ್ನುವ ಮಾತು ನನ್ನ ಅಂಗಡಿಯಲ್ಲಿ ನಡೆಯುವುದಿಲ್ಲ. ಅದು ಹೊಗಳಿಕೆಯಲ್ಲ. ಜೆಮಿಮಾ ರಾಡ್ರಿಗಸ್‌ರನ್ನು 2025ರ ವಿಶ್ವಕಪ್ಪಿನ ಮಧ್ಯದಲ್ಲಿ ಇಂಗ್ಲೆಂಡ್ ಪಂದ್ಯಕ್ಕೆ ಕೈಬಿಟ್ಟಾಗ ಸರಿಯೇ ಅಂತ ಬರೆದಿದ್ದೆ, ರನ್ ಬರುತ್ತಿರಲಿಲ್ಲ. ಸೆಮಿಫೈನಲಿನಲ್ಲಿ ಆಸ್ಟ್ರೇಲಿಯಾ ವಿರುದ್ಧ 339 ಬೆನ್ನಟ್ಟುವಾಗ ಆಕೆ ಔಟಾಗದೆ 127. ಶಫಾಲಿ ವರ್ಮಾ ತಂಡದಲ್ಲೇ ಇರಲಿಲ್ಲ. ಪ್ರತೀಕಾ ರಾವಲ್ ಗಾಯಗೊಂಡ ಮೇಲೆ ಕರೆಸಿದರು, ನವೆಂಬರ್ 2ರ ಫೈನಲಿನಲ್ಲಿ 87 ರನ್ ಮತ್ತು ಎರಡು ವಿಕೆಟ್. ದೀಪ್ತಿ ಶರ್ಮಾ 58 ಹೊಡೆದು ಐದು ವಿಕೆಟ್. ದಕ್ಷಿಣ ಆಫ್ರಿಕಾವನ್ನು 52 ರನ್ನಿಂದ ಸೋಲಿಸಿ ಕಪ್ ಎತ್ತಿದಾಗ ಮಧ್ಯರಾತ್ರಿ ಆಗಿತ್ತು. ಪಕ್ಕದ ಮನೆಯ ಅಜ್ಜಿ ನಮ್ಮ ಮನೆಯಲ್ಲೇ ಕೂತಿದ್ದರು, ಕೈಯಲ್ಲಿ ಜಪಮಾಲೆ. ನಮ್ಮ ಬೆಂಗಳೂರಿನ ಶ್ರೇಯಾಂಕಾ ಪಾಟೀಲ್ 2024ರ ಡಬ್ಲ್ಯುಪಿಎಲ್ (ಹೆಣ್ಣುಮಕ್ಕಳ ಐಪಿಎಲ್) ಫೈನಲಿನಲ್ಲಿ 12 ರನ್ನಿಗೆ 4 ವಿಕೆಟ್ ತೆಗೆದು ಆರ್‌ಸಿಬಿಗೆ ಕಪ್ ತಂದವರಲ್ಲಿ ಒಬ್ಬರು, ಆ ಸೀಸನ್ನಿನಲ್ಲಿ ಅತಿ ಹೆಚ್ಚು ವಿಕೆಟ್ ಅವರದೇ, 13. ಮರುವರ್ಷ ಗಾಯದಿಂದ ಪೂರ್ತಿ ಹೊರಗೆ. ಗಾಯಗೊಂಡ ಆಟಗಾರರ ಪುಟ ಹರಿಯಬೇಡಿ, ಖಾಲಿ ಬಿಡಿ. ವಾಪಸ್ ಬರುತ್ತಾರೆ.

ಏನನ್ನು ಬರೆಯಬಾರದು ಅನ್ನುವುದನ್ನೂ ಹೇಳಬೇಕು. ಹೆಂಡತಿ, ಮಕ್ಕಳು, ಜಾತಿ, ಧರ್ಮ ನಾಲ್ಕು ಸಾಲಿನ ಯಾವುದಕ್ಕೂ ಸೇರುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಅರ್ಷದೀಪ್ ಸಿಂಗ್ ಪಾಕಿಸ್ತಾನದ ವಿರುದ್ಧ ಒಂದು ಕ್ಯಾಚ್ ಬಿಟ್ಟದ್ದಕ್ಕೆ ಆ ಹುಡುಗನ ಧರ್ಮದ ಬಗ್ಗೆ ಜನ ಆಡಿದ ಮಾತು ಓದಿ ನನಗೆ ಮೈ ಉರಿಯಿತು. ಕ್ಯಾಚ್ ಬಿಟ್ಟದ್ದು ಕಂಡದ್ದು, ಬರೆಯಿರಿ. ಅಲ್ಲಿಗೆ ನಿಲ್ಲಿಸಿ. ಅಂಗಡಿಯಲ್ಲಿ ಈ ತರಹದ ಮಾತು ಬಂದರೆ ನಾನು ಮಿಷನ್ ನಿಲ್ಲಿಸಿ, ಅವರ ಬಟ್ಟೆ ಮಡಚಿ ಕೈಗೆ ಕೊಡುತ್ತೇನೆ.

ಸಂತೋಷಕ್ಕೂ ಅಳತೆ ಬೇಕು ಅಂತ ನನಗೆ ತಿಳಿದದ್ದು ಕಪ್ ಗೆದ್ದ ಮರುದಿನ. ಜೂನ್ 3ರ ರಾತ್ರಿಯೇ ನಮ್ಮ ಹುಡುಗ ಬೆಂಗಳೂರಿಗೆ ಹೋಗುತ್ತೇನೆ ಅಂತ ಹಟ ಹಿಡಿದ. ಅವನಮ್ಮ ಬೇಡ ಅಂದಳು. ನಾನು, “ಹೋಗ್ಲಿ ಬಿಡೇ, ಹದಿನೆಂಟು ವರ್ಷಕ್ಕೆ ಬಂದಿರೋದು” ಅಂದೆ. ಅವಳು ಒಪ್ಪಲಿಲ್ಲ. ಜೂನ್ 4ರ ಸಂಜೆ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ಆ ಪುಟದಲ್ಲಿ ನಾನು ಬರೆದದ್ದು 11 ಅನ್ನುವ ಅಂಕಿ ಮಾತ್ರ. ಈಗ ಯಾರಾದರೂ ವಿಜಯೋತ್ಸವಕ್ಕೆ ಹೊರಟರೆ ಕೇಳುತ್ತೇನೆ: ಒಳಗೆ ಹೋಗಲು ನಿಮ್ಮ ಹೆಸರಿನ ಟಿಕೆಟ್ ಇದೆಯಾ, ಜೊತೆಗೆ ಯಾರಿದ್ದಾರೆ, ನೂಕುನುಗ್ಗಲಾದರೆ ಯಾವ ಕಡೆಯಿಂದ ಹೊರಗೆ ಬರುತ್ತೀರಿ? ಉತ್ತರ ಇಲ್ಲದಿದ್ದರೆ ಟಿವಿಯಲ್ಲಿ ನೋಡಿ.

ಹುಡುಗನ ವಿಷಯಕ್ಕೆ ಬರುತ್ತೇನೆ. ‘ದ್ರೋಹಿ’ ಅಂದವನಿಗೆ ನಾನು ಹಾಕಿದ ಷರತ್ತು ಒಂದೇ: ರಾಹುಲ್ ಬ್ಯಾಟಿಂಗನ್ನು ಒಂದು ಅವಧಿ ಪೂರ್ತಿ, ಫೋನು ಮುಟ್ಟದೆ ನೋಡಿ ಬರೆಯಬೇಕು. ಜುಲೈ 12, ಶನಿವಾರ, ಲಾರ್ಡ್ಸ್ ಟೆಸ್ಟಿನ ಮೂರನೆಯ ದಿನ. ಮಧ್ಯಾಹ್ನ ಮೂರೂವರೆಗೆ ಆಟ ಶುರು. ನಾನು ಕಾಜಾ ಹೊಲಿಯುತ್ತಾ, ಅವನು ಸ್ಟೂಲಿನ ಮೇಲೆ. ರಾಹುಲ್ ಜೊತೆ ರಿಷಭ್ ಪಂತ್. ಇಬ್ಬರೂ ಒಂದು ಚೂರು ಅವಸರವಿಲ್ಲದೆ ಆಡಿದರು. ಊಟದ ವಿರಾಮಕ್ಕೆ ಮುಂಚೆ ರಾಹುಲ್ ನೂರರ ಹತ್ತಿರ. ಅವರಿಗೆ ಸ್ಟ್ರೈಕ್ ಕೊಡಲು ಓಡಿದ ಪಂತ್ 74ಕ್ಕೆ, ಇಂಗ್ಲೆಂಡಿನ ಸ್ಟೋಕ್ಸ್ ಚೆಂಡನ್ನು ನೇರ ವಿಕೆಟ್ಟಿಗೆ ಎಸೆದದ್ದರಿಂದ ರನೌಟ್. ಊಟದ ಮೇಲೆ ರಾಹುಲ್ ನೂರು ಮುಟ್ಟಿದರು, ಆ ನೂರಕ್ಕೇ ಔಟ್. ಭಾರತ 387, ಇಂಗ್ಲೆಂಡಿನದ್ದೂ ಅಷ್ಟೇ. ಆ ಟೆಸ್ಟನ್ನು ನಾವು 22 ರನ್ನಿಂದ ಸೋತೆವು.

ಅವನ ಕೈಬರಹ ನನ್ನದಕ್ಕಿಂತ ಚಿಕ್ಕದು. ‘ಟಿವಿ, ಪೂರ್ತಿ, ಫೋನ್ ಮುಟ್ಟಿಲ್ಲ’ ಅಂತ ಬರೆದು ಸಹಿ ಹಾಕಿದ್ದಾನೆ. ಕಂಡದ್ದು: ‘ಪ್ರತಿ ಚೆಂಡಿಗೂ ತಲೆ ಅಲುಗಾಡಲ್ಲ. ಹೊರಗಿನದ್ದು ಬಿಟ್ಟ. ಪಂತ್ ಔಟ್ ಆದಾಗ ತಲೆ ಬಗ್ಗಿಸಿ ನಡೆದ.’ ಅನ್ನಿಸಿದ್ದು ಸಾಲಿನಲ್ಲಿ ಮೊದಲು ಏನೋ ಬರೆದು ಹೊಡೆದಿದ್ದಾನೆ, ಕೆಳಗೆ: ‘ನೂರಿಗೋಸ್ಕರ ಆ ರನ್ ಓಡಬಾರದಿತ್ತು. ಆದರೆ ದುಡ್ಡಿಗೆ ಆಡೋನು ಹೀಗೆ ಆಡಲ್ಲ.’

ಆ ರನ್ನಿನ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಓಡೋಣ ಅಂದದ್ದರಲ್ಲಿ ಇಬ್ಬರ ಪಾಲೂ ಇತ್ತು, ಸ್ಟೋಕ್ಸ್ ನೇರ ಹೊಡೆದದ್ದನ್ನು ಮೆಚ್ಚಬೇಕು. ಅವನ ಬರಹದ ಕೆಳಗೆ ನನ್ನದನ್ನು ಬರೆದಿದ್ದೇನೆ. ಸರಣಿಯ ಕೊನೆಯಲ್ಲಿ ಎರಡು ಶತಕ ಸೇರಿ ರಾಹುಲ್ 532 ರನ್ ಮಾಡಿದಾಗ ಅವನೇ ಅಂಕಿ ತುಂಬಿದ. ಈಗ ಪಿಯುಸಿ ಪರೀಕ್ಷೆ ಹತ್ತಿರ ಬಂತು ಅಂತ ಅಂಗಡಿಗೆ ಬರುವುದು ಕಡಿಮೆಯಾಗಿದೆ. ಬಂದಾಗ ಮೊದಲು ಕೈ ಹೋಗುವುದು ಪುಸ್ತಕದ ಹಿಂಬದಿಗೆ. ಮೊನ್ನೆ ಬಂದವನು ಪಡಿಕ್ಕಲ್ ಹೆಸರಿನಲ್ಲಿ ಹೊಸ ಪುಟಕ್ಕೆ ಗೆರೆ ಎಳೆದು, ಎರಡನೆಯ ಸಾಲಿನಲ್ಲಿ ‘ಬರೀ ಸ್ಕೋರ್, ಇನ್ನೂ ನೋಡಿಲ್ಲ’ ಅಂತ ಬರೆದು ಹೋಗಿದ್ದಾನೆ.